ಎರಡನೆಯ ಸಾಲಿಗೂ ಜಾಗ ಬಿಡಿ

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆ ನಾನು ಮಾನಸಿಕ ಸಾಮರ್ಥ್ಯದ ಪಾಠ ಮಾಡುತ್ತೇನೆ. ಆಸನ ವ್ಯವಸ್ಥೆ, ಎತ್ತರದ ಕ್ರಮ, ದಿಕ್ಕಿನ ಲೆಕ್ಕ ಬಂದಾಗಲೆಲ್ಲ ‘ಕಣ್ಣ ಮುಂದೆ ಚಿತ್ರ ತಂದುಕೊಳ್ಳಿ’ ಎಂದು ಹಲವು ವರ್ಷ ಹೇಳುತ್ತ ಬಂದೆ. ಆ ಸಲಹೆ ಅರ್ಧ ತಪ್ಪೆಂದು ತಿಳಿದದ್ದು ಒಬ್ಬ ವಿದ್ಯಾರ್ಥಿನಿಯ ನೋಟ್‌ಬುಕ್ಕಿನಿಂದ.

ಪ್ರಶ್ನೆ ಚಿಕ್ಕದು: ಗಿರಿಜೆ ಮಂಜುಳೆಗಿಂತ ಎತ್ತರ, ಗಿರಿಜೆ ಶಾಂತೆಗಿಂತಲೂ ಎತ್ತರ; ಹಾಗಾದರೆ ಮಂಜುಳೆ ಶಾಂತೆಗಿಂತ ಎತ್ತರವೇ? ಆಕೆ ‘ಹೌದು’ ಎಂದು ಗುರುತು ಹಾಕಿದ್ದಳು. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ, ಒಂದರ ಕೆಳಗೊಂದು, ಗಿ, ಮ, ಶಾ ಎಂಬ ಅಕ್ಷರಗಳಿದ್ದವು. ಹೇಳಿಕೆಗಳನ್ನು ಓದಿದ ಕ್ರಮವೇ ಎತ್ತರದ ಕ್ರಮವಾಗಿ ಕುಳಿತುಬಿಟ್ಟಿತ್ತು. ಗಿ, ಶಾ, ಮ ಎಂದು ಬರೆದರೂ ಎರಡೂ ಹೇಳಿಕೆಗಳು ಅಷ್ಟೇ ನಿಜವಾಗಿ ಉಳಿಯುವುದರಿಂದ ‘ದತ್ತಾಂಶ ಸಾಲದು’ ಎಂಬುದೇ ಸರಿಯುತ್ತರ. ಆಕೆ ತನ್ನ ಚಿತ್ರವನ್ನು ತಪ್ಪಾಗಿ ಓದಿರಲಿಲ್ಲ. ಇನ್ನೊಂದು ಚಿತ್ರಕ್ಕೂ ಎಡೆಯಿದೆಯೆಂದು ಆಕೆಗೆ ಹೊಳೆದಿರಲಿಲ್ಲ, ಹೊಳೆಯುವಂತೆ ನಾನೂ ಕಲಿಸಿರಲಿಲ್ಲ.

ಮನುಷ್ಯರು ತರ್ಕಿಸುವಾಗ ವಾಕ್ಯಗಳಿಗೆ ನಿಯಮ ಅನ್ವಯಿಸುವುದಕ್ಕಿಂತ, ಅವು ಹೇಳುವ ಸ್ಥಿತಿಯ ಪುಟ್ಟ ಮಾದರಿಯೊಂದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಅದನ್ನು ನೋಡಿ ಉತ್ತರ ಹೇಳುತ್ತಾರೆಂದು ಮನೋವಿಜ್ಞಾನಿ ಫಿಲಿಪ್ ಜಾನ್ಸನ್-ಲೇರ್ಡ್ 1983ರ ತಮ್ಮ ಗ್ರಂಥದಲ್ಲಿ ವಾದಿಸಿದರು. ರೂತ್ ಬರ್ನ್ ಅವರೊಡನೆ 1989ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ, ಎರಡು ಜೋಡಣೆಗಳಿಗೆ ಎಡೆಕೊಡುವ ಲೆಕ್ಕಗಳು ಒಂದೇ ಜೋಡಣೆಯ ಲೆಕ್ಕಗಳಿಗಿಂತ ಕಠಿಣವೆನಿಸಿದವು. ನನ್ನ ತರಗತಿಯ ಅನುಭವವೂ ಅದೇ.

ನನ್ನ ಇನ್ನೊಂದು ತಪ್ಪು ಅಲಂಕಾರದ್ದು. ಲೆಕ್ಕ ನೆನಪಿನಲ್ಲಿ ಉಳಿಯಲೆಂದು ಸಾಲಿನಲ್ಲಿ ಕುಳಿತವರಿಗೆ ಸೀರೆಯ ಬಣ್ಣ, ಕನ್ನಡಕ, ಮೀಸೆಗಳನ್ನೆಲ್ಲ ಕೊಡುತ್ತಿದ್ದೆ. ತರಗತಿ ನಗುತ್ತಿತ್ತು, ಉತ್ತರ ಮಾತ್ರ ತಡವಾಗುತ್ತಿತ್ತು. ಮಾರ್ಕುಸ್ ಕ್ನೌಫ್ ಮತ್ತು ಜಾನ್ಸನ್-ಲೇರ್ಡ್ 2002ರಲ್ಲಿ ತೋರಿಸಿದಂತೆ, ‘ಹೆಚ್ಚು ಕೊಳಕು’, ‘ಹೆಚ್ಚು ಶುಚಿ’ಯಂಥ, ಕಣ್ಣಿಗೆ ಕಟ್ಟಿದರೂ ಸ್ಥಾನ ಸೂಚಿಸದ ಸಂಬಂಧಗಳು ತರ್ಕವನ್ನು ನಿಧಾನಗೊಳಿಸುತ್ತವೆ. ತರ್ಕಕ್ಕೆ ಬೇಕಾದದ್ದು ಯಾರು ಎಲ್ಲಿ ಎಂಬುದಷ್ಟೇ.

ಈಗ ಬೋರ್ಡಿನ ಮೇಲೆ ಬರೀ ಅಕ್ಷರಗಳನ್ನು ಬರೆಯುತ್ತೇನೆ, ಮೊದಲ ಸಾಲಿನ ಕೆಳಗೆ ಖಾಲಿ ಜಾಗ ಬಿಡುತ್ತೇನೆ. ಉತ್ತರ ಕೂಗಿದವರಿಗೆ, ಅದನ್ನು ಸುಳ್ಳಾಗಿಸುವ ಇನ್ನೊಂದು ಸಾಲನ್ನು ಅಲ್ಲಿ ಬರೆಯಲು ಸಾಧ್ಯವೇ ಎಂದು ಕೇಳುತ್ತೇನೆ. ದುಂಡುಮೇಜಿನ ಸುತ್ತ ಹೊರಮುಖವಾಗಿ ಕುಳಿತವರ ಲೆಕ್ಕ ಬಂದಾಗ ಮಾತ್ರ, ಬೆಂಚಿನಲ್ಲೇ ಭುಜ ತಿರುಗಿಸಿ ಎಡ-ಬಲ ನೋಡಿಕೊಳ್ಳುವವರನ್ನು ನಾನು ತಡೆಯುವುದಿಲ್ಲ. ಉತ್ತರದ ಕೀಲಿ ತಯಾರಿಸುವಾಗ ನಾನೂ ಹಾಗೆಯೇ ತಿರುಗುತ್ತೇನೆ.