ಚಿಕ್ಕಮ್ಮನ ಸೀರೆ ಮತ್ತು ಬೋಗಿಯ ಬಣ್ಣ

ರೈಲಿನ ಮಾದರಿ ಮಾಡಲು ಕೂತರೆ ಮೊದಲು ಒಂದು ವರ್ಷ ಆರಿಸಿಕೊಳ್ಳಬೇಕು. ಊರು, ಎಂಜಿನ್ ಎಲ್ಲಾ ಆಮೇಲೆ. ವರ್ಷ ಗಟ್ಟಿಯಾಗದೆ ಒಂದು ಕಂಬ ನೆಡಲೂ ಆಗುವುದಿಲ್ಲ. ನಾನು ಆರಿಸಿಕೊಂಡಿದ್ದು 1998ರ ಮೇ ತಿಂಗಳು. ಜಾಗ ಅಂಕೋಲಾ ನಿಲ್ದಾಣ, ಜೊತೆಗೆ ಗುಡ್ಡ ಕಡಿದು ಮಾಡಿದ ದಾರಿಯ ಒಂದು ತುಣುಕು.

ಆ ವರ್ಷದ ಜನವರಿ 26ಕ್ಕೆ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆಯಿತು. ಮೇ ಒಂದಕ್ಕೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ರೈಲು ಶುರುವಾಯಿತು. ಕಾರವಾರ, ಅಂಕೋಲಾ, ಕುಮಟಾದವರೆಲ್ಲ ರಾತ್ರಿ ಬಸ್ಸಿನ ಸೀಟಿಗೆ ಪರದಾಡುವುದು ಬಿಟ್ಟು ರೈಲಿನಲ್ಲಿ ಕೂತು ಮುಂಬೈಗೆ ಹೋಗುವಂತಾಯಿತು. ನಮ್ಮ ಮನೆಗಳಲ್ಲಿ ಅದೊಂದು ದೊಡ್ಡ ಸಂಗತಿ. ಅದನ್ನು ಹೇಗಿತ್ತೋ ಹಾಗೇ ಕಟ್ಟಬೇಕು ಅನ್ನುವುದು ನನ್ನ ಆಸೆ.

ವರ್ಷ ನಿಕ್ಕಿಯಾದ ಮೇಲೆ ಅದೇ ಎಲ್ಲಾ ಹೇಳಿಕೊಡುತ್ತದೆ. ಹಳಿಯ ಮೇಲೆ ವಿದ್ಯುತ್ ತಂತಿ ಇರುವಂತಿಲ್ಲ, ಅದು ಮುಗಿದಿದ್ದು 2022ರಲ್ಲಿ. ಹೆದ್ದಾರಿಯ ಮೈಲುಗಲ್ಲಿನ ಮೇಲೆ ಈಗಿನ ನಂಬರ್ 66 ಅಲ್ಲ, ಆಗಿನ 17 ಅಂತ ಬರೆಯಬೇಕು. ಬೋಗಿಗಳು ಚೆನ್ನೈಯ ಬೋಗಿ ಕಾರ್ಖಾನೆ ಐಸಿಎಫ್‌ನ ಹಳೇ ನಮೂನೆಯವು. ಎರಡು ಬೋಗಿಗಳ ನಡುವೆ ದುಂಡಗಿನ ಬಫರ್, ತಿರುಪಿನ ಕೊಂಡಿ. ಕಿಟಕಿಗೆ ಅಡ್ಡ ಸರಳು. ಗೆಳೆಯರೊಬ್ಬರು ಕೈ ಎತ್ತಿ ಇಳಿಸುವ ಹಳೇ ಸಿಗ್ನಲ್ ತಂದುಕೊಟ್ಟಿದ್ದರು. ತುಂಬಾ ಚೆಂದದ್ದು. ಆದರೆ ಈ ಮಾರ್ಗಕ್ಕೆ ಮೊದಲಿನಿಂದಲೂ ಬಣ್ಣದ ದೀಪದ ಸಿಗ್ನಲ್ಲೇ. ಅದನ್ನು ಕಪಾಟಿನಲ್ಲಿ ಇಟ್ಟಿದ್ದೇನೆ. ಮನೆಗೆ ಬರುವ ಮಕ್ಕಳು ಹೊಗೆ ಬಿಡುವ ಎಂಜಿನ್ ಕೇಳುತ್ತಾರೆ. ಕರಾವಳಿಯ ಈ ದಾರಿ ಡೀಸೆಲ್ ಕಾಲದ್ದು ಅಂತ ಅವರನ್ನು ಕೂರಿಸಿಕೊಂಡು ಹೇಳುತ್ತೇನೆ.

ಹೊಗೆಯ ಎಂಜಿನ್ ಬೇಕಿದ್ದರೆ ನಮ್ಮ ಜಿಲ್ಲೆಯಲ್ಲೇ ಕ್ಯಾಸಲ್ ರಾಕ್ ಇದೆ. ಅಲ್ಲಿಗೆ 19ನೇ ಶತಮಾನದಲ್ಲೇ ಮೀಟರ್ ಗೇಜ್ ರೈಲು, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ ಇರುವಂಥದ್ದು, ಬಂದಿತ್ತು. ಅದನ್ನು ಮಾಡಿದ್ದರೆ ಹಳಿಯ ಕೆಲಸವೂ ಹಗುರವಾಗುತ್ತಿತ್ತು. ನಾನು ಮಾಡುತ್ತಿರುವುದು ಎಚ್‌ಒ ಅಳತೆ, ಅಂದರೆ ನಿಜದ 87ನೇ ಒಂದು ಪಾಲು. ಮೀಟರ್ ಗೇಜ್ ಈ ಲೆಕ್ಕದಲ್ಲಿ ಹನ್ನೊಂದೂವರೆ ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ 12 ಮಿ.ಮೀ. ಹಳಿ ಹೆಚ್ಚುಕಡಿಮೆ ಸರಿಹೋಗುತ್ತದೆ. ಕೊಂಕಣ ಮಾರ್ಗದ ಅಗಲ ಹಳಿಗೆ, ಅಂದರೆ ಬ್ರಾಡ್ ಗೇಜ್‌ಗೆ, ಆ ಅನುಕೂಲ ಇಲ್ಲ. ಎಚ್‌ಒ ಅಂತ ಪೆಟ್ಟಿಗೆಯಲ್ಲಿ ಬರುವ ಹಳಿಯ ಅಗಲ 16.5 ಮಿ.ಮೀ. ಅದು ಯುರೋಪ್, ಅಮೆರಿಕದ 1435 ಮಿ.ಮೀ. ಗೇಜ್‌ನ ಅಳತೆ. ನಮ್ಮದು 1676 ಮಿ.ಮೀ. 87ರಿಂದ ಭಾಗಿಸಿದರೆ 19.26 ಬರುತ್ತದೆ. ಹತ್ತಿರ ಹತ್ತಿರ ಮೂರು ಮಿಲಿಮೀಟರ್ ವ್ಯತ್ಯಾಸ.

ಮೂರು ಮಿಲಿಮೀಟರ್ ಯಾರು ನೋಡ್ತಾರೆ ಅಂತ ಸುಮಾರು ಜನ ಕೇಳಿದ್ದಾರೆ. ನನಗಂತೂ ಕಾಣುತ್ತದೆ. ಎದುರಿನಿಂದ ನೋಡಿ. ನಮ್ಮ ಬೋಗಿಗೆ ಒಂದು ಗಟ್ಟಿ ನಿಲುವಿದೆ, ಕಾಲು ಅಗಲ ಮಾಡಿ ನಿಂತ ಹಾಗೆ. ಕಿರಿದಾದ ಹಳಿಯ ಮೇಲೆ ಅದೇ ಬೋಗಿ ಇಟ್ಟರೆ ಆ ನಿಲುವು ಹೋಗುತ್ತದೆ. ಹಾಗಾಗಿ ಹಳಿಯನ್ನು ಕೈಯಲ್ಲೇ ಹಾಕಿದೆ. ಹಳಿಯ ಕೆಳಗೆ ಅಡ್ಡ ಹಾಕುವ ಕಾಂಕ್ರೀಟ್ ಸ್ಲೀಪರ್ ಉದ್ದ 2.75 ಮೀಟರ್. ಮಾದರಿಯಲ್ಲಿ 31.6 ಮಿ.ಮೀ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಳಸುವ, ತಾಮ್ರ ಹಚ್ಚಿದ ಪಿಸಿಬಿ ಹಲಗೆಯನ್ನು ಆ ಅಳತೆಗೆ ಕಡಿದು, ಸುಮಾರು ಏಳು ಮಿಲಿಮೀಟರಿಗೆ ಒಂದರಂತೆ ಜೋಡಿಸಿ, ಮೇಲೆ ಹಳಿ ಇಟ್ಟು ಸೋಲ್ಡರ್ ಮಾಡುವುದು. ಆಗಿನ ಹಳಿ ಮೀಟರಿಗೆ 52 ಕೆಜಿ ತೂಕದ್ದು, ಅದರ ಎತ್ತರ 156 ಮಿ.ಮೀ. ಕೋಡ್ 70 ಅಂತ ಸಿಗುವ, ಇಂಚಿನ ಸಾವಿರದ 70 ಪಾಲು ಎತ್ತರದ ಮಾದರಿ ಹಳಿ ಅದಕ್ಕೆ ಕರಾರುವಾಕ್ಕಾಗಿ ಹೊಂದುತ್ತದೆ. ಆ ಲೆಕ್ಕ ಕೂಡಿ ಬಂದ ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ.

ಉದ್ದದ ವಿಷಯದಲ್ಲಿ ಮಾತ್ರ ನಾನು ರಾಜಿಯಾಗುತ್ತೇನೆ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಜಾಸ್ತಿ. ಅದನ್ನು ಈ ಅಳತೆಗೆ ಇಳಿಸಿದರೂ 23 ಮೀಟರ್ ದಾಟುತ್ತದೆ. ಯಾರ ಮನೆಯಲ್ಲಿ ಜಾಗ ಇದೆ? ಗಾಡಿಗೂ ಅಷ್ಟೇ. ಒಂದು ಬೋಗಿಯೇ 25 ಸೆಂಟಿಮೀಟರ್, ಹಾಗಾಗಿ ಮೂರು ಬೋಗಿ ಸಾಕು ಅಂದುಕೊಂಡೆ. ಮೊಟಕು ಮಾಡಬಹುದು. ಆದರೆ ಇಟ್ಟಿದ್ದು ಸುಳ್ಳಾಗಬಾರದು.

ಬೋಗಿಯ ಬಣ್ಣದ ಪ್ರಶ್ನೆ ಬಂದಿದ್ದು ಇಲ್ಲೇ. ಹಳೇ ಕಾಲದ ಬೋಗಿಗಳು ಮೈಯೆಲ್ಲ ಇಟ್ಟಿಗೆ ಕೆಂಪು. ತೊಂಬತ್ತರ ದಶಕದಲ್ಲಿ ನೀಲಿ ಬರತೊಡಗಿತು. ಗಾಢ ನೀಲಿ ಮೈ, ಕಿಟಕಿ ಸಾಲಿನ ಉದ್ದಕ್ಕೂ ತಿಳಿ ನೀಲಿ ಪಟ್ಟಿ. ಬದಲಾವಣೆ ಒಂದೇ ದಿನ ಆದದ್ದಲ್ಲ. ಹಾಗಾದರೆ ಆ ಮೇ ತಿಂಗಳಲ್ಲಿ ಅಂಕೋಲಾದಲ್ಲಿ ನಿಂತ ಗಾಡಿ ಯಾವ ಬಣ್ಣದ್ದು? ಕೇಳಿದವರೆಲ್ಲ ಒಂದೊಂದು ಹೇಳಿದರು. ನೆನಪು ಈ ವಿಷಯದಲ್ಲಿ ಸಾಲುವುದಿಲ್ಲ. ಆಗ ಹೊಳೆದದ್ದು ಮದುವೆ ಆಲ್ಬಂ. ಅಂಕೋಲಾದ ಚಿಕ್ಕಮ್ಮನ ಮಗಳ ಮದುವೆಯ ದಿಬ್ಬಣ ಆ ವರ್ಷ ರೈಲಿನಲ್ಲೇ ಉಡುಪಿ ಕಡೆ ಹೋಗಿತ್ತು.

ಹೋದ ಫೆಬ್ರವರಿಯ ಒಂದು ಭಾನುವಾರ ಕಾರವಾರದಿಂದ ಬೆಳಿಗ್ಗೆಯೇ ಹೊರಟು ಹೋದೆ. ತಿಂಡಿ ಮುಗಿಯುವವರೆಗೂ ಚಿಕ್ಕಮ್ಮ ಆಲ್ಬಂ ತೆಗೆಯಲಿಲ್ಲ. ಆಲ್ಬಮ್ಮಿನ ಮೊದಲ ಹಾಳೆಗೆ ಲಗ್ನಪತ್ರಿಕೆ ಅಂಟಿಸಿತ್ತು. 1998, ಮೇ. ತಾರೀಖು ಖಾತ್ರಿಯಾಯಿತು. ಮೂರ್ನಾಲ್ಕು ಹಾಳೆ ದಾಟಿದ ಮೇಲೆ ನಾನು ಹುಡುಕುತ್ತಿದ್ದ ಫೋಟೋ ಸಿಕ್ಕಿತು. ಪ್ಲಾಟ್‌ಫಾರ್ಮಿನ ಮೇಲೆ ಹತ್ತಾರು ಜನ, ಹೊರೆ ಹೊರೆ ಸಾಮಾನು, ಹಿಂದೆ ನಿಂತ ಗಾಡಿ. ಮುಂದೆ ಚಿಕ್ಕಮ್ಮ.

ಆದರೆ ಫೋಟೋ ಪೂರ್ತಿ ಬಣ್ಣಗೆಟ್ಟಿತ್ತು. ಅಂಟಿನ ಹಾಳೆಯ ಆಲ್ಬಂ, ಮೇಲಿಂದ ನಮ್ಮ ಕರಾವಳಿಯ ತೇವ. ಎಲ್ಲದರ ಮೇಲೂ ಕೆಂಪು ಹಳದಿ ಛಾಯೆ. ಬೋಗಿ ಕಂದು ಕಾಣುತ್ತಿತ್ತು. ಅದು ಮಾಸಿದ ಕೆಂಪೋ, ಕೆಟ್ಟುಹೋದ ನೀಲಿಯೋ ಹೇಳುವುದು ಹೇಗೆ? ಫೋಟೋದಲ್ಲಿರುವ ಒಂದು ವಸ್ತುವಾದರೂ ಈಗಲೂ ಅದೇ ಬಣ್ಣದಲ್ಲಿ ಸಿಕ್ಕರೆ ಹೋಲಿಸಬಹುದಿತ್ತು.

"ಚಿಕ್ಕಮ್ಮ, ಈ ಸೀರೆ ಈಗಲೂ ಇದೆಯಾ?"

"ಇಲ್ಲದೆ ಎಲ್ಲಿ ಹೋಗ್ತದೆ? ಟ್ರಂಕಲ್ಲಿ ಇದೆ. ರೈಲಿಗೂ ನನ್ನ ಸೀರೆಗೂ ಎಂತ ಸಂಬಂಧ ಮಾರಾಯಾ?"

ಹೇಳಿದೆ. ಅವಳು ಕೈ ಒರೆಸಿಕೊಂಡು ಒಳಗೆ ಹೋದಳು. ನುಸಿಗುಳಿಗೆಯ ವಾಸನೆಯ ಜೊತೆ ಇಳಕಲ್ ಸೀರೆ ಹೊರಗೆ ಬಂತು. ಗಾಢ ನೀಲಿ ಒಡಲು, ಕೆಂಪು ಸೆರಗು. ಇಷ್ಟು ವರ್ಷ ಕತ್ತಲಲ್ಲಿ ಮಡಚಿಟ್ಟದ್ದಕ್ಕೆ ಬಣ್ಣ ಹಾಗೇ ಇತ್ತು. ನನಗೆ ಬೇಕಾದ ನೀಲಿ, ಕೆಂಪು ಎರಡೂ ಒಂದೇ ಬಟ್ಟೆಯಲ್ಲಿ!

ಜಗಲಿಯ ಬೆಳಕಿಗೆ ಸೀರೆ ಹಾಸಿ, ಪಕ್ಕದಲ್ಲಿ ಫೋಟೋ ಇಟ್ಟು ಭೂತಗನ್ನಡಿ ಹಿಡಿದೆ. ಸೀರೆಯ ನೀಲಿ ಫೋಟೋದಲ್ಲಿ ಬೂದು ನೇರಳೆಯಾಗಿತ್ತು. ಸೆರಗಿನ ಕೆಂಪು ಕಿತ್ತಳೆ ಬೆರೆತ ಕಂದಾಗಿತ್ತು. ಚಿಕ್ಕಮ್ಮನ ಬೆನ್ನ ಹಿಂದಿನ ಬೋಗಿಯ ಬಣ್ಣ ಸೆರಗಿನದ್ದಕ್ಕೆ ಹೊಂದುತ್ತಿತ್ತು, ಒಡಲಿನದ್ದಕ್ಕಲ್ಲ. ಕಿಟಕಿ ಸಾಲಿನಲ್ಲಿ ಪಟ್ಟಿಯೂ ಇಲ್ಲ. ಬಣ್ಣ ಮೋಸ ಮಾಡಿದರೂ ಪಟ್ಟಿ ಮೋಸ ಮಾಡುವುದಿಲ್ಲ. ಅಂದರೆ ಇಟ್ಟಿಗೆ ಕೆಂಪು. ಆಮೇಲೆ ಫೋಟೋದ ಎಡ ಅಂಚಿಗೆ ಬಂದೆ. ಅಲ್ಲಿ ಇನ್ನೊಂದು ಬೋಗಿಯ ಎರಡು ಕಿಟಕಿ ಮಾತ್ರ ಕಾಣುತ್ತವೆ. ಅದರ ಮೈ ಸೀರೆಯ ಒಡಲಿನ ಹಾಗೇ ಬೂದು ನೇರಳೆ, ಕಿಟಕಿಯ ಸುತ್ತ ತಿಳಿ ಪಟ್ಟಿ. ಗಾಡಿ ಎರಡೂ ಬಣ್ಣದ್ದು! ಕೆಂಪು ಅಂದವರೂ ನೀಲಿ ಅಂದವರೂ ಸರಿಯಾಗಿಯೇ ನೆನಪಿಟ್ಟುಕೊಂಡಿದ್ದರು.

ಅಷ್ಟರಲ್ಲಿ ಭಾವ ಬಂದರು. ಚಿಕ್ಕಮ್ಮನ ಅಳಿಯ ಅಲ್ಲ, ನನ್ನ ಅಕ್ಕನ ಗಂಡ. ಹಳಿಗೆ ಗದ್ದೆ ಹೋದ ಮನೆಯವರು. ಭೂಮಿ ಕಳಕೊಂಡವರಿಗೆ ಅಂತ ಸಿಕ್ಕ ಕೆಲಸಕ್ಕೆ ಸೇರಿ, ವರ್ಷಗಟ್ಟಲೆ ಹಳಿ ಕಾಯುವ ಗ್ಯಾಂಗಿನಲ್ಲಿ ದುಡಿದವರು. ನಾನು ಮೊಬೈಲಿನಲ್ಲಿ ಮಾದರಿಯ ಚಿತ್ರ ತೋರಿಸಿದೆ. ಹಳಿ, ಜಲ್ಲಿ ನೋಡಿ ತಲೆ ಆಡಿಸಿದರು. ಗುಡ್ಡ ಕಡಿದ ಜಾಗಕ್ಕೆ ನಾನು ಬಣ್ಣ ಹಚ್ಚಿರಲಿಲ್ಲ, ಬಿಳೀ ಪ್ಲಾಸ್ಟರ್ ಹಾಗೇ ಇತ್ತು.

"ಇದಕ್ಕೆ ಮಣ್ಣು ಎಲ್ಲಿಂದ ತರ್ತೆ?"

"ಹಳಿ ಪಕ್ಕದ ಗುಡ್ಡದ್ದೇ ನೋಡಿ ಬಣ್ಣ ಕಲಸೋಣ ಅಂತಿದ್ದೆ ಭಾವ."

"ಈಗ ಅದು ಕಪ್ಪಾಗಿದೆ ಅಲ್ವಾ? ಆವಾಗ ಹಾಗಿರಲಿಲ್ಲ. ಹೊಸದಾಗಿ ಕಡಿದದ್ದು. ಮಳೆ ಬಂದ್ರೆ ನೀರು ಕೆಂಪಗೆ ಇಳೀತಿತ್ತು. ಬಿಸಿಲಲ್ಲಿ ಕಣ್ಣಿಗೆ ಹೊಡೀತಿತ್ತು. ಹಸಿರು ಅನ್ನೋದೇ ಇಲ್ಲ."

ನಮ್ಮ ಚಿರೇಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಣವೇ ಹಾಗೆ. ನೆಲದೊಳಗೆ ಇರುವಾಗ ಮೆತ್ತಗೆ, ಕೊಯ್ದ ಹೊಸತರಲ್ಲಿ ಕೆಂಪು ಹಳದಿ ಬೆರೆತ ಹಸಿ ಬಣ್ಣ. ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುತ್ತದೆ, ಮಳೆಗಾಲದ ಪಾಚಿ ಹತ್ತಿ ಹತ್ತಿ ಕಪ್ಪಾಗುತ್ತದೆ. ಈಗಿನ ಗುಡ್ಡ ನೋಡಿ ಬಣ್ಣ ಹಚ್ಚಿದ್ದರೆ 1998ರ ರೈಲು ಇಂದಿನ ಗುಡ್ಡದ ಕೆಳಗೆ ಓಡುತ್ತಿತ್ತು. ಈ ಮಾತು ಯಾವ ಕಾಗದಪತ್ರದಲ್ಲೂ ನನಗೆ ಸಿಗುತ್ತಿರಲಿಲ್ಲ. ಭಾವನಂಥವರನ್ನು ಕೂರಿಸಿ ಕೇಳದಿದ್ದರೆ ನಮ್ಮ ರೈಲಿನ ಅರ್ಧ ಚರಿತ್ರೆ ಹಾಗೇ ಹೋಗಿಬಿಡುತ್ತದೆ.

ಊಟ ಆದ ಮೇಲೆ ಭಾವನೇ ಸ್ಕೂಟರ್ ತೆಗೆದರು. ಅವರ ಪರಿಚಯದವರ ತೋಟದಲ್ಲಿ ಬಾವಿ ತೋಡುತ್ತಿದ್ದರು. ಮೇಲೆ ಬಂದ ಮಣ್ಣು ಇನ್ನೂ ಒದ್ದೆ. ಕುಂಕುಮದ ಕೆಂಪಿನೊಳಗೆ ಅರಿಶಿನದ ಗೆರೆಗಳು, ಅಲ್ಲಲ್ಲಿ ಸೀಮೆಸುಣ್ಣದಂಥ ಬಿಳಿ ಚುಕ್ಕೆ. ಚೀಲದಲ್ಲಿ ತುಂಬಿಕೊಂಡೆ. ತೋಡುವವರಲ್ಲಿ ಒಬ್ಬರು ಔಷಧಕ್ಕಾ ಅಂತ ಕೇಳಿದರು. ರೈಲಿಗೆ ಅಂದರು ಭಾವ, ಗಂಭೀರವಾಗಿಯೇ.

ಆ ಮಣ್ಣನ್ನು ಒಣಗಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ನೀರು ಸೇರಿಸಿದ ಫೆವಿಕಾಲ್‌ನಲ್ಲಿ ಪ್ಲಾಸ್ಟರ್ ಮೇಲೆ ಕೂರಿಸಿದೆ. ಅಂಟು ತಾಗಿದರೆ ಮಣ್ಣು ಒಂದು ಛಾಯೆ ಕಪ್ಪಾಗುತ್ತದೆ. ಅದಕ್ಕೆ ಕೊನೆಯಲ್ಲಿ ಒಣ ಪುಡಿಯನ್ನೇ ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿ ಬಣ್ಣ ಮೇಲೆ ತಂದೆ. ಜಲ್ಲಿಗೆ ಕ್ರಷರ್‌ನ ಕಪ್ಪು ಪುಡಿ. ನಿಜದ ದೊಡ್ಡ ಜಲ್ಲಿ 65 ಮಿ.ಮೀ. ಇದ್ದರೆ ಇಲ್ಲಿ ಮುಕ್ಕಾಲು ಮಿಲಿಮೀಟರ್. ಅದಕ್ಕಿಂತ ದಪ್ಪ ಕಾಳು ಒಂದು ಬಿದ್ದರೂ ಬಂಡೆ ಬಿದ್ದಂತೆ ಕಾಣುತ್ತದೆ.

ಬೋಗಿಗಳಲ್ಲಿ ಎರಡಕ್ಕೆ ಇಟ್ಟಿಗೆ ಕೆಂಪು, ಒಂದಕ್ಕೆ ನೀಲಿ ಹಚ್ಚಿ ಆಗಿದೆ. ನಮ್ಮ ಬೋಗಿಯ ನಂಬರಿನ ಮೊದಲ ಎರಡು ಅಂಕಿ ಅದು ತಯಾರಾದ ವರ್ಷವನ್ನು ಹೇಳುತ್ತವೆ. ಹಾಗಾಗಿ ನಂಬರನ್ನೂ ಮನಸ್ಸಿಗೆ ಬಂದಂತೆ ಬರೆಯುವ ಹಾಗಿಲ್ಲ. ಫೋಟೋವನ್ನು ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿದಾಗ ಚಿಕ್ಕಮ್ಮನ ಭುಜದ ಪಕ್ಕ 86 ಅಂತ ಕಾಣುತ್ತದೆ, ಉಳಿದ ಅಂಕಿ ಅವಳ ಹಿಂದೆ. ದಿಬ್ಬಣದಲ್ಲಿದ್ದ ಇನ್ನೊಂದು ಮನೆಯವರ ಹತ್ತಿರವೂ ಅದೇ ದಿನದ ಫೋಟೋಗಳಿವೆಯಂತೆ. ಚಿಕ್ಕಮ್ಮ ಅವರಿಗೆ ಫೋನ್ ಮಾಡಿ ಆಲ್ಬಂ ತೆಗೆದಿಡಲು ಹೇಳಿದ್ದಾಳೆ. ಬರುವ ವಾರ ಕುಮಟಾಕ್ಕೆ ಹೋಗಬೇಕು.