ಹಾಲ್, ಡೈನಿಂಗ್, ಅಡುಗೆಮನೆ ಎಲ್ಲ ಒಂದೇ ಆದಾಗ ಗೋಡೆಗೆ ಯಾವ ತಿಳಿ ಬಣ್ಣ?

ನಡುವೆ ಗೋಡೆಯಿಲ್ಲದ ಮನೆಯಲ್ಲಿ ಒಂದೇ ಡಬ್ಬಿಯ ಬಣ್ಣ ಕಿಟಕಿಯ ಹತ್ತಿರ ಬೆಳ್ಳಗೆ, ಒಳಮೂಲೆಯಲ್ಲಿ ಮಂಕಾಗಿ ಕಾಣುತ್ತದೆ. ಹಾಗಾಗಿ ಶೇಡಿನ ಹೆಸರಿಗಿಂತ ಮೊದಲು ಅದರ ಎಲ್‌ಆರ್‌ವಿ ನೋಡಿ. ಬಣ್ಣ ಎಷ್ಟು ಬೆಳಕನ್ನು ಮರಳಿಸುತ್ತದೆ ಎಂಬುದರ ಅಳತೆ ಅದು: 0 ಎಂದರೆ ಕಡುಗಪ್ಪು, 100 ಅಚ್ಚಬಿಳಿ. ಇಂಥ ಜಾಗಕ್ಕೆ 70ರಿಂದ 82ರ ನಡುವಿನದು ಒಳ್ಳೆಯದು. ಅದಕ್ಕೂ ಮೇಲೆ ಹೋದರೆ ಬಿಸಿಲು ಬೀಳುವ ಗೋಡೆ ಕಣ್ಣು ಕುಕ್ಕುತ್ತದೆ.

ಹೆಚ್ಚಿನವರು ಎಡವುವುದು ಬಣ್ಣದೊಳಗಿನ ಛಾಯೆಯಲ್ಲಿ. ಶೇಡ್ ಕಾರ್ಡನ್ನು ಬಿಳಿ ಕಾಗದದ ಮೇಲಿಟ್ಟರೆ ಅಡಗಿದ್ದ ಹಳದಿ, ಗುಲಾಬಿ ಅಥವಾ ಹಸಿರು ಎದ್ದು ಕಾಣುತ್ತದೆ. ನೆಲವೂ ಆಟವಾಡುತ್ತದೆ, ಕೆಂಗಂದು ಮರದ ನೆಲವಿದ್ದರೆ ತಿಳಿ ಬೂದು ಗೋಡೆಯ ಕೆಳಭಾಗ ಗುಲಾಬಿಗೆ ತಿರುಗುತ್ತದೆ.

ಹಳೆ ಬಣ್ಣದ ಗೋಡೆಯ ಮೇಲೇ ಸ್ಯಾಂಪಲ್ ಬಳಿಯಬೇಡಿ, ಹಿಂದಿನ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ಎರಡಡಿ ಚೌಕದ ಬಿಳಿ ಬೋರ್ಡಿಗೆ ಎರಡು ಕೋಟ್ ಹಚ್ಚಿ, ಸುತ್ತ ಒಂದಿಂಚು ಬಿಳಿ ಅಂಚು ಬಿಡಿ. ಪೂರ್ತಿ ಒಣಗಿದ ಮೇಲೆ ಸೋಫಾದ ಹಿಂದೆ, ಊಟದ ಮೇಜಿನ ಬಳಿ, ಕ್ಯಾಬಿನೆಟ್ ಪಕ್ಕ ನೆಟ್ಟಗೆ ನಿಲ್ಲಿಸಿ ಬೆಳಿಗ್ಗೆ, ಸಂಜೆ, ರಾತ್ರಿ ನೋಡಿ. ಹಾಲ್‌ನಲ್ಲಿ ಹಳದಿ ಬೆಳಕಿನ 2700 ಕೆಲ್ವಿನ್, ಅಡುಗೆಮನೆಯಲ್ಲಿ ನೀಲಿಬಿಳಿ ಬೆಳಕಿನ 6500 ಕೆಲ್ವಿನ್ ಬಲ್ಬ್ ಇದ್ದರೆ ಯಾವ ಬಣ್ಣವೂ ಕೂಡಿಬರದು. ಮೊದಲು ಬಲ್ಬ್ ಒಂದೇ ಮಾಡಿ.

ಒಲೆಯ ಕಡೆ ಒರೆಸಲು ಬರುವ, ತುಸು ಹೊಳಪಿನ ಸ್ಯಾಟಿನ್ ಫಿನಿಶ್, ಉಳಿದೆಡೆ ಹೊಳಪಿಲ್ಲದ ಮ್ಯಾಟ್ ಸಾಕು. ಆದರೆ ಫಿನಿಶ್ ಬದಲಾವಣೆ ಒಳಮೂಲೆಯಲ್ಲೇ ಆಗಲಿ, ಗೋಡೆಯ ನಡುವೆ ಬದಲಿಸಿದರೆ ಗೆರೆ ಕಾಣುತ್ತದೆ. ಒಂದೇ ಫಿನಿಶ್‌ನ ಡಬ್ಬಿಗಳನ್ನೆಲ್ಲ ದೊಡ್ಡ ಬಕೆಟ್‌ನಲ್ಲಿ ಬೆರೆಸಿಯೇ ಶುರುಮಾಡಿ. ಬ್ಯಾಚ್‌ನಿಂದ ಬ್ಯಾಚ್‌ಗೆ ಬಣ್ಣ ತುಸು ವ್ಯತ್ಯಾಸವಾಗುತ್ತದೆ, ಉದ್ದ ಗೋಡೆಯಲ್ಲಿ ಅದು ಮುಚ್ಚಿಡಲಾಗದು.