ಹೆಸರಿನ ಕೊನೆಯ ಎಸ್ ಯಾರದ್ದು?

ಕಳೆದ ತಿಂಗಳು ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ನಿವೃತ್ತರಾದರು. ಅವರಿಗೆ ಕೊಡಲು ಇಂಗ್ಲಿಷಿನಲ್ಲಿ ಒಂದು ಪುಟ್ಟ ನೆನಪಿನ ಪುಸ್ತಕ ಮಾಡಿದೆವು. ಪ್ರೂಫ್ ನೋಡುವ ಕೆಲಸ ನನ್ನದು. ಅವರ ನಿಜವಾದ ಹೆಸರು ಇಲ್ಲಿ ಬೇಡ. ಮನೆತನದ ಹೆಸರು ಜೇಮ್ಸ್ ಅಂತ ಇಟ್ಟುಕೊಳ್ಳಿ, ಕೊನೆಗೆ ಎಸ್ ಇದ್ದರೆ ಸಾಕು.

ಬೆಳಗ್ಗೆಯೇ ಪೇಚಾಟ ಶುರುವಾಯಿತು. ಜೇಮ್ಸ್ ಅವರ ಮೇಜು, ಅವರ ನಗು, ಅವರ ತಾಳ್ಮೆ ಅಂತ ಪುಟಪುಟದಲ್ಲೂ ಬರುತ್ತಿತ್ತು, ಬರೆದವರು ಒಬ್ಬೊಬ್ಬರೂ ಒಂದೊಂದು ಥರ ಬರೆದಿದ್ದರು. ಇಂಗ್ಲಿಷಿನಲ್ಲಿ ಒಬ್ಬರದ್ದು ಅಂತ ಹೇಳಲು ಹೆಸರಿಗೆ ಅಪಾಸ್ಟ್ರಫಿ ಅನ್ನುವ ಪುಟ್ಟ ಗುರುತು (’) ಹಾಕಿ ಎಸ್ ಸೇರಿಸುತ್ತಾರಲ್ಲ, ಪೇಚಾಟ ಅದರದ್ದೇ. ಕೆಲವರು ಹೆಸರು ಪೂರ್ತಿ ಬರೆದು, ಅಪಾಸ್ಟ್ರಫಿ ಹಾಕಿ, ಇನ್ನೊಂದು ಎಸ್ ಸೇರಿಸಿದ್ದರು (James’s). ಕೆಲವರು ಬರೀ ಅಪಾಸ್ಟ್ರಫಿ ಹಾಕಿ ಬಿಟ್ಟಿದ್ದರು (James’). ಉಳಿದವರು ಅಪಾಸ್ಟ್ರಫಿಯನ್ನು ಹೆಸರಿನ ಒಳಗೇ, ಎಸ್‌ಗಿಂತ ಮುಂಚೆ ತೂರಿಸಿದ್ದರು (Jame’s).

ಈ ಮೂರನೆಯದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಹಾಗೆ ಬರೆದರೆ ಆ ಮೇಜು ‘ಜೇಮ್’ ಅನ್ನುವ ಇನ್ಯಾರದ್ದೋ ಆಗಿಬಿಡುತ್ತದೆ. ಆ ಎಸ್ ಅವರ ಹೆಸರಿನದು, ವ್ಯಾಕರಣಕ್ಕೆ ಅಂತ ನಾವು ಸೇರಿಸಿದ್ದಲ್ಲ. ಅಷ್ಟು ವರ್ಷ ಜೊತೆಗಿದ್ದವರ ಕೈಗೆ ಪ್ರೀತಿಯಿಂದ ಕೊಡುವ ಪುಸ್ತಕದಲ್ಲಿ ಅವರ ಹೆಸರನ್ನೇ ತುಂಡು ಮಾಡಬಾರದು, ಅಲ್ವಾ? ಯಾರನ್ನೂ ಕೇಳದೆ ಎಲ್ಲಾ ಕಡೆ ತಿದ್ದಿದೆ.

ಉಳಿದ ಎರಡರಲ್ಲಿ ಯಾವುದು ಅನ್ನುವುದಕ್ಕೆ ಮಾತು ಜೋರಾಯಿತು. ಪುಟ ಜೋಡಿಸುತ್ತಿದ್ದ ಗೆಳತಿ ಹಿಂದೆ ಪತ್ರಿಕೆಯಲ್ಲಿದ್ದವಳು. “ಎಪಿ ಸ್ಟೈಲ್‌ಬುಕ್ ನೋಡು, ಬರೀ ಅಪಾಸ್ಟ್ರಫಿ ಸಾಕು ಕಣೋ” ಅಂದಳು. ಅವಳು ಹೇಳಿದ್ದು ಸರಿ, ಅಮೆರಿಕದ ಪತ್ರಿಕೆಯವರು ಬಳಸುವ ಆ ಬರವಣಿಗೆ ಕೈಪಿಡಿಯ ನಿಯಮ ಹಾಗೇ ಇದೆ. ಆದರೆ ಪುಸ್ತಕ ಪ್ರಕಾಶಕರು ಬಳಸುವ ಶಿಕಾಗೊ ಮ್ಯಾನ್ಯುಯಲ್ ಅನ್ನುವ ಕೈಪಿಡಿ ಇನ್ನೊಂದು ಎಸ್ ಬೇಕು ಅನ್ನುತ್ತದೆ. ದೊಡ್ಡವರಲ್ಲೂ ಒಮ್ಮತ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 2006ರ ಕಾನ್ಸಸ್ ವರ್ಸಸ್ ಮಾರ್ಶ್ ಮೊಕದ್ದಮೆಯಲ್ಲಿ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಥಾಮಸ್ (ಅವರ ಹೆಸರಿನ ಕೊನೆಗೂ ಎಸ್ ಇದೆ ನೋಡಿ) ಕಾನ್ಸಸ್ ರಾಜ್ಯದ ಹೆಸರಿನ ಕೊನೆಗೆ ಬರೀ ಅಪಾಸ್ಟ್ರಫಿ ಹಾಕಿದರು, ಅದನ್ನು ಒಪ್ಪದೆ ಬೇರೆ ಬರೆದ ನ್ಯಾಯಮೂರ್ತಿ ಸೌಟರ್ ಎಸ್ ಕೂಡ ಸೇರಿಸಿದರು. ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕ್ ನಿಲ್ದಾಣದ ಬೋರ್ಡಿನಲ್ಲಿ ಎರಡನೇ ಎಸ್ ಇದೆ, ನ್ಯೂಕ್ಯಾಸಲ್ಲಿನ ಅದೇ ಹೆಸರಿನ ಫುಟ್‌ಬಾಲ್ ಮೈದಾನಕ್ಕೆ ಇಲ್ಲ.

ಹಾಗಾಗಿ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಅಲ್ಲಿದ್ದವರಿಗೆಲ್ಲ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಲು ಹೇಳಿದೆ. ಎಲ್ಲರೂ ‘ಜೇಮ್ಸಸ್’ ಅಂತಲೇ ಓದಿದರು, ಗೆಳತಿಯೂ ಸೇರಿ. ಬಾಯಲ್ಲಿ ಬರುವ ಎಸ್ ಕಾಗದದಲ್ಲಿ ಯಾಕೆ ಬೇಡ? ಜೀಸಸ್, ಮೋಸೆಸ್‌ನಂಥ ಹಳೆಯ ಹೆಸರುಗಳಿಗೆ ಬರೀ ಅಪಾಸ್ಟ್ರಫಿ ಹಾಕುವ ರೂಢಿ ಉಂಟು, ಅಲ್ಲಿ ಇನ್ನೊಂದು ಎಸ್ ಸೇರಿಸಿ ಹೇಳಲು ನಾಲಿಗೆ ತೊಡರುತ್ತದೆ. ಜೇಮ್ಸ್‌ಗೆ ಆ ಕಷ್ಟ ಇಲ್ಲ. ಗೆಳತಿ ಒಪ್ಪಿದಳು. ಆದರೆ ಮೊದಲ ಪುಟದಿಂದ ಕೊನೆಯವರೆಗೂ ಒಂದೇ ಥರ ಇರಬೇಕು ಅಂತ ಹಟ ಹಿಡಿದಳು. ಅದು ನ್ಯಾಯವಾದ ಹಟ.

ಕೊನೆಯ ಪುಟದಲ್ಲಿ ಮಾತ್ರ ಮತ್ತೆ ನಿಂತೆವು. ಅಲ್ಲಿ ಇದ್ದದ್ದು ಇಡೀ ಜೇಮ್ಸ್ ಕುಟುಂಬದ ಮನೆ, ಒಬ್ಬರದ್ದಲ್ಲ. ಮೊದಲು ಇ, ಎಸ್ ಸೇರಿಸಿ ಬಹುವಚನ ಮಾಡಿ, ಅದರ ಆಚೆಗೆ ಅಪಾಸ್ಟ್ರಫಿ ಇಟ್ಟೆ (Jameses’). ಇಲ್ಲಿ ಇನ್ನೊಂದು ಎಸ್ ಬೇಡ. ಗೆಳತಿ ಅದನ್ನೂ ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಫೈಲನ್ನು ಪ್ರೆಸ್ಸಿಗೆ ಕಳಿಸಿದಳು.